ಸ್ವೆಟರಿನ ಒಳಗಿನ ಕೊಕ್ಕರೆ

ಜನವರಿ ೧೮

ಅಣ್ಣಾ,

ನಿಮ್ಮ ಟೆನಿಸ್ ಕ್ಲಬ್ಬಿನ ಕಾರ್ಯದರ್ಶಿಯ ಕಾಗದ ನಿನ್ನೆ ಬಂತು. ಹೌದು, ನಿನ್ನ ಸ್ವೆಟರಿನ ಒಳಗೆ ಆ ಕೊಕ್ಕರೆಯನ್ನು ಹೊಲಿದವಳು ನಾನೇ. ನಿನ್ನನ್ನು ಕೇಳಿ ಹೊಲಿಯಲಿಲ್ಲ, ಹೊಲಿದ ಮೇಲೆ ಹೇಳಲೂ ಇಲ್ಲ. ಬೈಯುವುದಿದ್ದರೆ ಇಲ್ಲೇ ಕಾಗದ ಮಡಚಿಟ್ಟು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು.

ಬೈದಾಯಿತೇ? ಸರಿ.

ಕಾರ್ಯದರ್ಶಿ ನನಗೆ ಏನು ಬರೆದಿದ್ದಾನೆ ಅಂತ ನಿನಗೆ ತೋರಿಸಿರಲಿಕ್ಕಿಲ್ಲ. 'ಸದಸ್ಯರಿಗೆ ಮಾತ್ರ ಮೀಸಲಾದ ಲಾಂಛನವು ಸಿಬ್ಬಂದಿಯೊಬ್ಬರ ಉಡುಪಿನ ಒಳಭಾಗದಲ್ಲಿ ಪತ್ತೆಯಾಗಿದ್ದು, ಕೊಕ್ಕರೆಯ ಕಣ್ಣಿನ ಕೈಹೊಲಿಗೆಯಿಂದ ಅದು ತಮ್ಮದೇ ಕೆಲಸವೆಂದು ಖಚಿತವಾಗಿದೆ. ಇನ್ನು ಮುಂದೆ ತಮಗೆ ಕ್ಲಬ್ಬಿನ ಯಾವ ಕೆಲಸವನ್ನೂ ಕೊಡಲಾಗುವುದಿಲ್ಲ. ಉಳಿದ ಅಂಗಿಗಳನ್ನೂ ಲಾಂಛನದ ನಕ್ಷೆಯನ್ನೂ ಹಿಂದಿರುಗಿಸುವುದು.' ಹದಿನೇಳು ವರ್ಷದ ಕೆಲಸಕ್ಕೆ ನಾಲ್ಕೈದು ಸಾಲು. 'ಪತ್ತೆಯಾಗಿದ್ದು' ಅಂತೆ! ಬಾವಿಯಲ್ಲಿ ಹೆಣ ಸಿಕ್ಕಿದ ಹಾಗೆ ಬರೆದಿದ್ದಾನೆ ಮಹಾನುಭಾವ.

ಕಣ್ಣೇ ನನ್ನನ್ನು ಹಿಡಿದುಕೊಟ್ಟಿತು ನೋಡು. ಮೈ, ರೆಕ್ಕೆ, ಎತ್ತಿದ ಒಂದು ಕಾಲು, ಎಲ್ಲವನ್ನೂ ಮೆಷಿನ್ ಹೊಲಿಯುತ್ತದೆ. ಕಣ್ಣನ್ನೂ ಅದಕ್ಕೇ ಬಿಟ್ಟರೆ ಹಕ್ಕಿ ಸತ್ತ ಹಾಗೆ ಕಾಣುತ್ತದೆ. ಅದಕ್ಕೇ ಪ್ರತಿಯೊಂದು ಅಂಗಿಗೂ ನಾನೇ ಕೂತು ಕಪ್ಪು ದಾರವನ್ನು ಸೂಜಿಗೆ ಮೂರು ಸುತ್ತು ಸುತ್ತಿ ಗಂಟು ಹಾಕುತ್ತಿದ್ದೆ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅತಿ ಬುದ್ಧಿವಂತಿಕೆ ಅಂದರೆ ಇದೇ.

ಯಾಕೆ ಹೊಲಿದೆ ಅಂತ ಕೇಳುತ್ತೀಯ. ಎರಡು ವರ್ಷದ ಹಿಂದೆ ಅಂಗಿಗಳ ಗಂಟನ್ನು ತೆಗೆದುಕೊಂಡು ಹೋಗಲು ನೀನೇ ಇಲ್ಲಿಗೆ ಬಂದಿದ್ದೆಯಲ್ಲ, ನೆನಪಿದೆಯೇ? ನಾನು ಮಡಚುತ್ತಿದ್ದೆ, ನೀನು ಒಂದೊಂದರ ಹೆಸರುಚೀಟಿ ಓದುತ್ತಿದ್ದೆ. ತಿಳಿಗುಲಾಬಿ, ಪುದೀನ ಹಸಿರು, ನಿಂಬೆ ಹಳದಿ, ಎಲ್ಲದರ ಎಡ ಎದೆಯ ಮೇಲೂ ಹಕ್ಕಿ. 'ಇವನಿಗೆ ಬ್ಯಾಕ್‌ಹ್ಯಾಂಡ್ ಕಲಿಸಿದ್ದು ನಾನು. ಇವನ ಅಪ್ಪನಿಗೂ ನಾನೇ. ಈಕೆಗೆ ಇವತ್ತಿಗೂ ಸರ್ವಿಸ್ ಬರುವುದಿಲ್ಲ.' ಹೀಗೆ ಮಾತಾಡಿದ್ದೇ ಮಾತಾಡಿದ್ದು. ನೀನು ಅಷ್ಟು ಮಾತಾಡಿದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ. ಗಂಟಿನ ತಳದಲ್ಲಿ ಸಿಬ್ಬಂದಿಯ ಬೂದು ಸ್ವೆಟರುಗಳಿದ್ದವು, ಬೆನ್ನ ಮೇಲೆ ಕ್ಲಬ್ಬಿನ ಹೆಸರು, ಹಕ್ಕಿ ಇಲ್ಲ. ನಿನ್ನ ಅಳತೆಯದನ್ನು ನೀನು ಎತ್ತಿ ನೋಡಿ, ಏನೂ ಹೇಳದೆ ಮಡಚಿಟ್ಟೆ.

ನನಗೆ ತಡೆಯಲಾಗಲಿಲ್ಲ ಅಣ್ಣ. ಇಪ್ಪತ್ತೊಂಬತ್ತು ವರ್ಷ ಆ ಕೋರ್ಟಿಗೆ ನೀರು ಹಾಕಿ, ಗೆರೆ ಎಳೆದು, ಜೊತೆ ಸಿಗದವರ ಜೊತೆ ಆಡಿ, ಅವರ ರ‍್ಯಾಕೆಟ್ಟಿಗೆ ತಂತಿ ಕಟ್ಟಿದ ಮಾರ್ಕರ್‌ಗೆ ಒಂದು ಹಕ್ಕಿ ಇಲ್ಲವೇ? ನೀನು ಸ್ನಾನಕ್ಕೆ ಹೋದಾಗ ಬೇರೆ ಬಟ್ಟೆಯ ತುಂಡಿನ ಮೇಲೆ ಹೊಲಿದಿಟ್ಟಿದ್ದ ಒಂದನ್ನು ತೆಗೆದು ಸ್ವೆಟರಿನ ಒಳಗಡೆ, ಎದೆಯ ಎಡಕ್ಕೆ ಅಂಟಿಸಿ ಹೊಲಿದುಬಿಟ್ಟೆ. ಹೊರಗಿನಿಂದ ಒಂದು ಹೊಲಿಗೆಯೂ ಕಾಣುವಂತಿರಲಿಲ್ಲ. ತನ್ನ ಅಂಗಿಯ ಗುಂಡಿ ಕಿತ್ತು ಹೋದರೂ ಗೊತ್ತಾಗದ ಮನುಷ್ಯ ನೀನು, ನಿನಗೆಲ್ಲಿ ಗೊತ್ತಾಗಬೇಕು ಅಂದುಕೊಂಡೆ.

ನನ್ನ ಕೆಲಸ ಹೋದರೆ ಹೋಗಲಿ, ಬೇರೆ ಸಿಗುತ್ತದೆ. ನಿನಗೇನಾಯಿತು? ನಿನ್ನನ್ನು ಏನಂದರು? ನಿವೃತ್ತಿಗೆ ಇನ್ನು ವರ್ಷ ಚಿಲ್ಲರೆ ಇರುವಾಗ ನನ್ನಿಂದ ನಿನಗೆ ಕೆಟ್ಟ ಹೆಸರು ಬಂದರೆ ನಾನು ಯಾವ ಮುಖ ಇಟ್ಟುಕೊಂಡು ಬದುಕಲಿ? ಫೋನ್ ಮಾಡೋಣವೆಂದರೆ ನನ್ನ ಕಿವಿಗಳನ್ನು ಈ ಮೆಷಿನ್ ಯಾವತ್ತೋ ತಿಂದು ಮುಗಿಸಿದೆ. ಬೈದಾದರೂ ಎರಡು ಸಾಲು ಬರೆ.

ನಿನ್ನ ತಪ್ಪಿತಸ್ಥ ತಂಗಿ

*

ಜನವರಿ ೩೦

ಪ್ರೀತಿಯ ನಾದಿನಿಗೆ,

ನಿನ್ನ ಕಾಗದವನ್ನು ನಿಮ್ಮಣ್ಣ ಓದಿದರು. ಓದಿ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋದರು. ಉತ್ತರ ಬರೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯೆ ಮಧ್ಯೆ ಯಾರಾದರೂ ಕೆಮ್ಮುತ್ತಾ ಬರುತ್ತಾರೆ, ಅಕ್ಷರ ಅಡ್ಡಾದಿಡ್ಡಿಯಾದರೆ ಅವರನ್ನು ಬೈದುಕೋ.

ನೀನು ಹೆದರಬೇಡ. ಅವರ ಕೆಲಸ ಇದೆ. ಆದದ್ದಿಷ್ಟು. ಸಿಬ್ಬಂದಿಯ ಬಟ್ಟೆಯೂ ಇನ್ನು ಮೇಲೆ ಕ್ಲಬ್ಬಿನ ಲಾಂಡ್ರಿಯಲ್ಲೇ ಒಗೆಯಬೇಕೆಂದು ಈ ಚಳಿಗಾಲದಲ್ಲಿ ಹೊಸ ನಿಯಮ ಬಂತು. ಅಲ್ಲಿಯವರು ಉಣ್ಣೆ ಬಟ್ಟೆಯನ್ನು ಒಳಗಿನದನ್ನು ಹೊರಗೆ ಮಾಡಿಯೇ ಒಗೆಯುವುದು, ಹಾಗೇ ಒಣಗಿಹಾಕುವುದು. ಕಾರ್ಯದರ್ಶಿ ಯಾರೋ ಅತಿಥಿಗಳಿಗೆ ಕ್ಲಬ್ಬು ತೋರಿಸುತ್ತಾ ಹಿತ್ತಲ ಕಡೆ ಬಂದಿದ್ದಾನೆ. ಹಗ್ಗದ ಮೇಲೆ ಸಾಲಾಗಿ ಹನ್ನೆರಡು ಬೂದು ಸ್ವೆಟರು, ಒಂದರ ಎದೆಯ ಮೇಲೆ ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ಅವನನ್ನೇ ನೋಡುತ್ತಿದೆ.

ನಿಮ್ಮಣ್ಣನನ್ನು ಕರೆಸಿ ಕೇಳಿದರಂತೆ. ಹೊರಗೆ ಹೋದಾಗ ಇದನ್ನು ತಿರುಗಿಸಿ ಹಾಕಿಕೊಂಡು ಸದಸ್ಯನ ಹಾಗೆ ಓಡಾಡುತ್ತಿದ್ದೆಯಾ ಅಂತಲೂ ಕೇಳಿದರಂತೆ. ಇವರು ಗೊತ್ತಿಲ್ಲ ಅಂದರಂತೆ. ನಂಬಿದರಂತೆ. ಹಕ್ಕಿಯನ್ನು ಬಿಚ್ಚಿಕೊಂಡು ಸ್ವೆಟರನ್ನು ವಾಪಸು ಕೊಟ್ಟಿದ್ದಾರೆ.

ಬೆಳಿಗ್ಗೆ ಐದಕ್ಕೆ ಎದ್ದು ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಮಾತು ಮೊದಲೂ ಕಡಿಮೆ, ಈಗ ಉಪ್ಪು ಬೇಕಾದರೂ ಕೈ ಮಾಡಿ ತೋರಿಸುತ್ತಾರೆ. ನಿನ್ನ ಮೇಲೆ ಅವರಿಗೆ ಕೋಪವಿಲ್ಲ. ಇದನ್ನು ನಾನು ಗ್ಯಾರಂಟಿಯಾಗಿ ಹೇಳಬಲ್ಲೆ. ಆದರೆ ಕ್ಷಮಿಸು ಕ್ಷಮಿಸು ಅಂತ ಅವರಿಗೆ ಬರೆಯಬೇಡ. ಬೇರೆ ಏನಾದರೂ ಬರೆ. ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಮುಲಾಮು ಕಳಿಸಿದ್ದೇನೆ, ದಿನಕ್ಕೆ ಎರಡು ಸಲ ಹಚ್ಚಲಿ.

ನಿನ್ನ ಅತ್ತಿಗೆ

*

ಫೆಬ್ರವರಿ ೧೬

ಅಣ್ಣಾ,

ಅತ್ತಿಗೆಯ ಕಾಗದ ಬಂತು, ಮುಲಾಮೂ ಬಂತು. ನಿಮ್ಮ ಭಾವನವರು ಅದನ್ನು ಹಚ್ಚಿಕೊಳ್ಳುವ ಮೊದಲು ಮೂರು ದಿನ ಅದರ ಮೇಲೆ ಬರೆದದ್ದನ್ನು ಓದಿದರು. ಬಸ್ಸು ಓಡಿಸುವಾಗ ಬೋರ್ಡು ಓದುತ್ತಿದ್ದ ಅಭ್ಯಾಸ, ಏನು ಮಾಡುವುದು.

ನಿನ್ನ ಕೆಲಸಕ್ಕೆ ತೊಂದರೆ ಇಲ್ಲ ಅಂತ ತಿಳಿದ ದಿನ ನಾನು ಕೂತಲ್ಲೇ ಅತ್ತುಬಿಟ್ಟೆ. ನಾನು ಅಳುವುದು ಕಂಡರೆ ಇವರಿಗೆ ಕೈಕಾಲು ಆಡುವುದಿಲ್ಲ. ಒಂದಾದ ಮೇಲೊಂದು ಎರಡು ಸಲ ಟೀ ಮಾಡಿಕೊಟ್ಟರು. ಎರಡನೆಯದಕ್ಕೆ ಸಕ್ಕರೆಯೇ ಇರಲಿಲ್ಲ.

ನಿನ್ನ ಕಡೆಯಿಂದ ಮಾತ್ರ ಒಂದು ಸಾಲೂ ಇಲ್ಲ. ಕ್ಷಮೆ ಕೇಳಬೇಡ ಅಂತ ಅತ್ತಿಗೆಯ ಆಜ್ಞೆ. ಸರಿ, ಬೇರೆ ವಿಷಯ ಬರೆಯುತ್ತೇನೆ.

ಮೆಷಿನ್ ಸುಮ್ಮನೆ ಕೂತಿಲ್ಲ. ಒಂದು ಆಸ್ಪತ್ರೆಯವರು ಡಾಕ್ಟರರ ಬಿಳಿ ಕೋಟುಗಳ ಮೇಲೆ ಹೆಸರು ಹಾಕಲು ಕೊಟ್ಟಿದ್ದಾರೆ. ನೀಲಿ ದಾರ, ನೇರ ಅಕ್ಷರ, ಕಣ್ಣು ಮುಚ್ಚಿ ಮಾಡುವ ಕೆಲಸ. ನಿಮ್ಮ ಕ್ಲಬ್ಬಿನವರ ಗೊಡವೆಯೇ ಇಲ್ಲ. ಅಬ್ಬಾ, ಅವರ ಬಣ್ಣಗಳ ಕಾಟವೇನು ಕಡಿಮೆಯೇ! ಒಬ್ಬಳಿಗೆ ಗುಲಾಬಿ ಬೇಕು, ಆದರೆ 'ಬಿಸಿಲಿಗೆ ಸ್ವಲ್ಪ ಮಾಸಿದ' ಗುಲಾಬಿ. ಹೊಸ ಬಟ್ಟೆ ಹಳೆಯದರ ಹಾಗೆ ಕಾಣಬೇಕಂತೆ, ಅಜ್ಜನ ಕಾಲದಿಂದಲೂ ಶ್ರೀಮಂತರು ಅಂತ ಗೊತ್ತಾಗಲು. ಆಮೇಲೆ ಆ ಸ್ವೆಟರುಗಳು! ಚಳಿಯಾದರೆ ಹಾಕಿಕೊಳ್ಳಬೇಕು, ಸೆಕೆಯಾದರೆ ಮನೆಯಲ್ಲಿ ಬಿಟ್ಟು ಬರಬೇಕು. ಅದನ್ನು ಹೆಗಲ ಮೇಲೆ ಕೂರಿಸಿಕೊಂಡು, ತೋಳೆರಡನ್ನೂ ಎದೆಯ ಮೇಲೆ ಗಂಟು ಹಾಕಿಕೊಂಡು ಓಡಾಡುವುದು ಯಾವ ಸೀಮೆಯ ಅಲಂಕಾರ? ಕೂಸುಮರಿಗೆ ಹೊರಟವರ ಹಾಗೆ. ಗಂಟಿನಡಿ ನನ್ನ ಹಕ್ಕಿ ಮುಚ್ಚಿಹೋಗುತ್ತದೆ ಅಂತ ನನಗೆ ಹೊಟ್ಟೆಯುರಿ, ಬೇರೇನಿಲ್ಲ.

ಹೋದ ವಾರ ಒಬ್ಬ ಬಂದಿದ್ದ. ಬೀದಿ ಬದಿಯ ಅಂಗಡಿಗಳಿಗೆ ಅಂಗಿ ಒದಗಿಸುವವನಂತೆ. ಮೂಟೆ ಬಿಚ್ಚಿದರೆ ಮುನ್ನೂರು ಗುಲಾಬಿ ಅಂಗಿ, ಎದೆಯ ಮೇಲೆ ನಿಮ್ಮ ಕೊಕ್ಕರೆಯೇ! ಕ್ಲಬ್ಬಿನ ಗೇಟು ನೋಡದವರಿಗೂ ಅದು ಬೇಕಂತೆ. 'ಅಕ್ಕಾ, ಎಲ್ಲ ಸರಿ ಬಂದಿದೆ, ಕಣ್ಣೊಂದು ಬರ್ತಿಲ್ಲ. ಕಣ್ಣಷ್ಟು ಹಾಕಿಕೊಡಿ' ಅಂದ. ಆ ಕಾರ್ಯದರ್ಶಿಯ ಮುಖ ನೆನಪಿಸಿಕೊಂಡು ಕೈ ಸೂಜಿಯ ಕಡೆ ಹೋಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಿನ್ನ ನೆನಪಾಯಿತು. ನಾಳೆ ಆ ಕಣ್ಣು ಯಾರ ಕಣ್ಣಿಗಾದರೂ ಬಿದ್ದರೆ ಮತ್ತೆ ನಿನ್ನನ್ನೇ ಕರೆಸಿ ಕೇಳುತ್ತಾರೆ. 'ಆಗಲ್ಲಪ್ಪ, ನನಗೆ ಕಣ್ಣು ಮಂಜು' ಅಂದೆ. ಅವನು ಹೋದ.

ಇನ್ನೊಂದು ಕೆಲಸ ಮಾಡಿದ್ದೇನೆ. ಅತ್ತಿಗೆ ನಂಬಿದರಂತೆ ಅಂತ ಬರೆದರೂ ನನಗೆ ಸಮಾಧಾನವಿಲ್ಲ. ನಿನ್ನ ಹೆಸರಿನ ಮೇಲೆ ಒಂದು ಚುಕ್ಕಿಯೂ ಉಳಿಯಬಾರದು. ಅದಕ್ಕೆ ಕಾರ್ಯದರ್ಶಿಗೆ ನಾನೇ ಬರೆದುಕೊಟ್ಟೆ. 'ಇದು ಪೂರ್ತಿ ನನ್ನ ತಪ್ಪು. ನನ್ನ ಅಣ್ಣನಿಗೆ ಏನೇನೂ ಗೊತ್ತಿರಲಿಲ್ಲ. ಅವನು ಸುಳ್ಳು ಹೇಳುವ ಮನುಷ್ಯನಲ್ಲ' ಅಂತ ಬರೆದು ಸಹಿ ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಈಗಲಾದರೂ ನೆಮ್ಮದಿಯಾಗಿರು. ನನಗೂ ಎರಡು ಅಕ್ಷರ ಹಾಕು.

ನಿನ್ನ ತಂಗಿ

*

ಮಾರ್ಚ್ ೯

ನಾದಿನಿಗೆ,

ಆ ಕಾಗದ ಯಾಕೆ ಬರೆದೆ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಕಾರ್ಯದರ್ಶಿ ಅದನ್ನು ನಿಮ್ಮಣ್ಣನ ಕೈಗೆ ಕೊಟ್ಟು ಓದಿಸಿದನಂತೆ. 'ನಿನ್ನ ತಂಗಿ ಒಳ್ಳೆಯ ಹೆಂಗಸು ಕಣಯ್ಯಾ' ಅಂತ ಬೆನ್ನು ತಟ್ಟಿದನಂತೆ. ಅವತ್ತು ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲ. ಮಾರನೆಯ ದಿನವೂ ಇಲ್ಲ. ಜ್ವರವೇನೋ ಅಂತ ಹಣೆ ಮುಟ್ಟಲು ಹೋದರೆ ಮುಖ ಆಚೆ ತಿರುಗಿಸಿಕೊಂಡರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖವನ್ನು ನಾನು ನೋಡಿರಲಿಲ್ಲ.

ನಾನೂ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಆ ಹಕ್ಕಿ ನನಗೆ ಗೊತ್ತಿತ್ತು. ಎರಡು ಚಳಿಗಾಲ ಸ್ವೆಟರು ಒಗೆದವಳು ನಾನಲ್ಲವೇ? ಮೊದಲ ಸಲ ಬಕೆಟ್ಟಿನಲ್ಲಿ ಅದ್ದಿದಾಗಲೇ ಕೈಗೆ ಸಿಕ್ಕಿತು. ತಿರುಗಿಸಿ ನೋಡಿ, ಕಣ್ಣು ನೋಡಿ, ನಿನ್ನ ಕೆಲಸ ಅಂತ ನಕ್ಕುಬಿಟ್ಟೆ. ನಿನ್ನ ಗುಟ್ಟು ನಿನ್ನದಾಗಿರಲಿ ಅಂತ ಬಾಯಿ ಬಿಡಲಿಲ್ಲ. ಆ ಜಾಗ ಹಿಂಜದ ಹಾಗೆ ಮೆತ್ತಗೆ ಒಗೆದು, ನೆರಳಲ್ಲಿ ಒಣಗಿಸಿ, ಸರಿ ಮಾಡಿ ಮಡಚಿಡುತ್ತಿದ್ದೆ. ಲಾಂಡ್ರಿಯ ನಿಯಮ ಬಂದ ದಿನ ಬಿಚ್ಚಿಡಬೇಕಿತ್ತು, ಮರೆತೆ. ಹಾಗಾಗಿ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ, ನೀನೊಬ್ಬಳೇ ಹೊತ್ತುಕೊಂಡು ತಿರುಗಬೇಡ.

ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಬರೆಯಬೇಕಾದವರು ನಾನಲ್ಲ. ಸ್ವಲ್ಪ ತಾಳ್ಮೆ ತಂದುಕೋ.

ಅತ್ತಿಗೆ

*

ಮಾರ್ಚ್ ೨೨

ಅಣ್ಣಾ,

ತಾಳ್ಮೆ ತಂದುಕೋ ಅಂತ ಅತ್ತಿಗೆ ಬರೆದಿದ್ದಾರೆ. ಎಲ್ಲಿಂದ ತರಲಿ? ಅದನ್ನೂ ಅಂಗಡಿಯಲ್ಲಿ ಮಾರುತ್ತಾರೆಯೇ?

ಎರಡು ತಿಂಗಳಾಯಿತು. ಅಂಚೆಯವನು ಬಾಗಿಲಿಗೆ ಬಂದರೆ ಮೆಷಿನ್ ನಿಲ್ಲಿಸಿ ಎದ್ದು ಓಡುತ್ತೇನೆ. ಅವನಿಗೂ ಗೊತ್ತಾಗಿಹೋಗಿದೆ, ದೂರದಿಂದಲೇ ಕೈ ಆಡಿಸಿ 'ಇಲ್ಲಮ್ಮ' ಅನ್ನುತ್ತಾನೆ. ನಾನು ಮಾಡಿದ್ದು ತಪ್ಪೇ. ಒಪ್ಪಿಕೊಂಡಿದ್ದೇನೆ, ನಿನಗೂ ಬರೆದಿದ್ದೇನೆ, ಅವರಿಗೂ ಬರೆದುಕೊಟ್ಟಿದ್ದೇನೆ. ಅದು ಪ್ರೀತಿಯಿಂದ ಮಾಡಿದ ತಪ್ಪು ಅಂತ ನಿನಗೆ ಒಂದು ದಿನವೂ ಅನ್ನಿಸಲಿಲ್ಲವೇ? ಅಮ್ಮ ಹೋದ ಮೇಲೆ ನನಗೆ ತವರು ಅಂತ ಇದ್ದದ್ದು ನೀನೊಬ್ಬ. ಹದಿನೇಳು ವರ್ಷದ ಕೆಲಸ ಹೋದದ್ದಕ್ಕೆ ನಾನು ಅಳಲಿಲ್ಲ ಅಣ್ಣ. ಇದಕ್ಕೆ ಅಳುತ್ತಿದ್ದೇನೆ.

ಇನ್ನು ನಾನಾಗಿ ಬರೆಯುವುದಿಲ್ಲ. ಕಾಡಿ ಬೇಡಿ ಮಾತಾಡಿಸುವ ವಯಸ್ಸು ನಮ್ಮದಲ್ಲ. ಆರೋಗ್ಯ ನೋಡಿಕೋ.

ತಂಗಿ

*

ಮೇ ೪

ತಂಗೀ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಸ್ಕೋರು ಬರೆದೇ ಅಭ್ಯಾಸ. ಇದು ಆರನೆಯ ಸಲ ಬರೆಯುತ್ತಿರುವುದು, ಐದನ್ನು ಹರಿದುಹಾಕಿದೆ.

ನನಗೆ ಗೊತ್ತಿತ್ತು.

ಮೊದಲ ದಿನವೇ ಗೊತ್ತಿತ್ತು. ನಿನ್ನ ಮನೆಯಿಂದ ಬಂದ ಮಾರನೆಯ ಬೆಳಿಗ್ಗೆ ಆ ಸ್ವೆಟರು ಹಾಕಿಕೊಂಡು ಹೋದೆ. ಎಡಗಡೆ ಏನೋ ಚುಚ್ಚುತ್ತಿತ್ತು. ತಂತಿ ಕಟ್ಟುವ ಕೋಣೆಗೆ ಹೋಗಿ ಬಾಗಿಲು ಹಾಕಿ, ತೆಗೆದು ನೋಡಿದೆ. ಎಷ್ಟು ಹೊತ್ತು ನೋಡಿದೆ ಅಂತ ಗೊತ್ತಿಲ್ಲ. ಆ ಕೋಣೆಯ ಗೋಡೆಗೆ ಸದಸ್ಯರು ಬಿಸಾಕಿದ ಒಂದು ಕನ್ನಡಿ ಇದೆ, ಮೂಲೆ ಒಡೆದಿದೆ. ಸ್ವೆಟರನ್ನು ತಿರುಗಿಸಿ ಹಾಕಿಕೊಂಡು ಅದರ ಮುಂದೆ ಒಂದು ಸಲ ನಿಂತೆ. ಆಮೇಲೆ ಸರಿ ಮಾಡಿ ಹಾಕಿಕೊಂಡು ಕೋರ್ಟಿಗೆ ಹೋದೆ. ನಿನಗೆ ಹೇಳಬೇಕು ಅನ್ನಿಸಿತು. ಹೇಳಿದರೆ ನೀನು ಬಿಚ್ಚಿಬಿಡುತ್ತೀಯೇನೋ ಅಂತ ಸುಮ್ಮನಾದೆ.

ಲಾಂಡ್ರಿಯ ನಿಯಮ ಬಂದಾಗ ಬಿಚ್ಚಿಡಬೇಕಿತ್ತು, ಮನಸ್ಸಾಗಲಿಲ್ಲ. ಈ ಜನವರಿಯಲ್ಲಿ ಕಾರ್ಯದರ್ಶಿ ಕರೆಸಿದ. ಅವನ ಮೇಜಿನ ಮೇಲೆ ಸ್ವೆಟರು ಹರವಿತ್ತು. ಪಕ್ಕದಲ್ಲಿ ಕಮಿಟಿಯ ಇಬ್ಬರು. ಇಬ್ಬರೂ ನಾನು ಆಡಿಸಿದವರೇ. ಇದೇನು ಅಂತ ಕೇಳಿದರು. ತಿರುಗಿಸಿ ಹಾಕಿಕೊಂಡಿದ್ದೀಯಾ ಅಂತ ಕೇಳಿದರು. 'ನನಗೇನೂ ಗೊತ್ತಿಲ್ಲ ಸರ್, ನನ್ನ ತಂಗಿ ಹೊಲಿದಿರಬೇಕು' ಅಂದೆ.

ಕಣ್ಣು ನಿನ್ನನ್ನು ಹಿಡಿದುಕೊಡಲಿಲ್ಲ. ನಾನು ನಿನ್ನ ಹೆಸರು ಹೇಳಿದ ಮೇಲೆ ಅವರು ಬೇರೆ ಅಂಗಿ ತರಿಸಿ ಕಣ್ಣಿಗೆ ಕಣ್ಣು ಹೋಲಿಸಿ ನೋಡಿದ್ದು. ಅಷ್ಟರವರೆಗೆ ಅವರಿಗೆ ಯಾವ ಸುಳಿವೂ ಇರಲಿಲ್ಲ.

ನಿನ್ನ ಮೊದಲ ಕಾಗದದಲ್ಲಿ ಕಣ್ಣನ್ನು ಬೈದುಕೊಂಡಿದ್ದೆ. ಅದನ್ನು ಓದಿ ಏನು ಬರೆಯಲಿ? ನಿನ್ನ ಅತ್ತಿಗೆಗೆ ಅವತ್ತೇ ಹೇಳಿದೆ. 'ತಂಗಿಗೂ ನೀವೇ ಹೇಳಿ' ಅಂದಳು. ನಾಳೆ ಬರೆಯುತ್ತೇನೆ ಅಂದೆ. ನೀನು ಎರಡನೆಯ ಕಾಗದ ಬರೆದೆ. ಆಮೇಲೆ ಕಾರ್ಯದರ್ಶಿಗೂ ಬರೆದೆ. 'ಅವನು ಸುಳ್ಳು ಹೇಳುವ ಮನುಷ್ಯನಲ್ಲ' ಅಂತ ನಿನ್ನ ಕೈಬರಹದಲ್ಲಿ ಓದಿದೆ. ನಾನು ಕೋಪದಿಂದ ಸುಮ್ಮನಿರಲಿಲ್ಲ ತಂಗಿ. ನಾಚಿಕೆಯಿಂದ ಸುಮ್ಮನಿದ್ದೆ.

ಏಪ್ರಿಲ್ ಕೊನೆಯಲ್ಲಿ ವರ್ಷದ ಪಂದ್ಯ ಇತ್ತು. ನಾನು ಗೆರೆ ನೋಡುತ್ತಿದ್ದೆ. ಫೈನಲ್ಲಿನಲ್ಲಿ ಒಂದು ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಹೊರಗೆ ಅಂದೆ. ಚೆಂಡು ಹೊಡೆದ ಹುಡುಗಿ ರ‍್ಯಾಕೆಟ್ಟು ಕೆಳಗೆ ಹಾಕಿ ಗ್ಯಾರಂಟಿನಾ ಅಂದಳು. ಕುರ್ಚಿಯಲ್ಲಿ ಕೂತಿದ್ದ ಅವಳ ತಾತ, ಹೆಗಲ ಮೇಲೆ ಸ್ವೆಟರು ಹಾಕಿಕೊಂಡವನು, ಅಲ್ಲಿಂದಲೇ ಕೂಗಿ ಹೇಳಿದ. 'ಸುಮ್ಮನೆ ಆಡಮ್ಮ. ಈ ಮನುಷ್ಯ ಮೂವತ್ತೊಂದು ವರ್ಷದಲ್ಲಿ ಒಂದು ಸುಳ್ಳು ಹೇಳಿಲ್ಲ.' ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆದರೆ ಗೇಮು ಮುಗಿದಿರಲಿಲ್ಲ, ನಿಂತೆ.

ಸೋಮವಾರ ಕಾರ್ಯದರ್ಶಿಯ ಕೋಣೆಗೆ ಹೋಗಿ ಹೇಳಿದೆ. ನನಗೆ ಗೊತ್ತಿತ್ತು, ಗೊತ್ತಿದ್ದೇ ಹಾಕಿಕೊಂಡೆ ಅಂತ. ಅವನಿಗೆ ಕಿರಿಕಿರಿಯಾಯಿತು. 'ಮುಗಿದ ವಿಷಯ ಈಗ ಯಾಕಯ್ಯ ಎತ್ತುತ್ತೀಯಾ' ಅಂದ. ಕಮಿಟಿಯ ಮುಂದೆಯೂ ಹೇಳುತ್ತೇನೆ ಅಂದೆ. ಹೇಳಿದೆ. ಈ ತಿಂಗಳ ಕೊನೆಗೆ ಬಿಡಲು ಹೇಳಿದ್ದಾರೆ. ಒಂದು ವರ್ಷ ಮೊದಲೇ ಆಯಿತು, ಅಷ್ಟೇ. ನಿನ್ನ ಅತ್ತಿಗೆ ಅವತ್ತು ರಾತ್ರಿ ಎರಡು ಸಲ ಬಡಿಸಿದಳು, ಎರಡು ಸಲವೂ ಉಂಡೆ.

ನಿನ್ನ ಕೆಲಸ ವಾಪಸು ಬರಲಿಲ್ಲ. ಕೇಳಿದೆ. ಈಗ ಯಾವುದೋ ಫ್ಯಾಕ್ಟರಿಗೆ ಕೊಟ್ಟಿದ್ದಾರಂತೆ, ಕಣ್ಣೂ ಮೆಷಿನ್ನಿನದೇ. ನಾನು ನಿಜ ಹೇಳಿದ್ದರಿಂದ ನಿನಗೆ ಏನೂ ಉಪಯೋಗವಾಗಲಿಲ್ಲ. ಇದನ್ನೂ ಬರೆಯಬೇಕು ಅನ್ನಿಸಿತು.

ಕ್ಷಮಿಸು ಅಂತ ಕೇಳುವ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ಅಣ್ಣ

*

ಮೇ ೧೪

ಅಯ್ಯೋ ಕಳ್ಳಾ!

ನಾಲ್ಕು ತಿಂಗಳು! ನಾಲ್ಕು ತಿಂಗಳು ನನ್ನನ್ನು ಅಪರಾಧಿಯ ಹಾಗೆ ತಲೆ ತಗ್ಗಿಸಿ ನಿಲ್ಲಿಸಿದೆಯಲ್ಲ! ನಾನೇನೋ ನಿನ್ನ ಬದುಕು ಹಾಳು ಮಾಡಿದೆ ಅಂತ ಕೊರಗಿ ಕೊರಗಿ ಐದು ಡಾಕ್ಟರರ ಹೆಸರು ತಪ್ಪು ಹೊಲಿದು ಬಿಚ್ಚಿದೆ. ಕೂತರೆ ನೀನು, ನಿಂತರೆ ನೀನು. ಅಲ್ಲಿ ನೀನು ಎಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನನ್ನ ಹೆಸರು ಹೇಳಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ, ತಿಳಿದುಕೋ. ಎದುರಿಗೆ ಮೂವರು ಕೂತು ಕೇಳಿದರೆ ಯಾರಿಗಾದರೂ ಬಾಯಿ ತಪ್ಪುತ್ತದೆ. ಆಮೇಲೆ ಸುಮ್ಮನಿದ್ದೆಯಲ್ಲ, ಅದಕ್ಕೆ ಸಿಟ್ಟು. ಅಂಚೆಯವನು ದೂರದಿಂದ ಕೈ ಆಡಿಸಿದ ಮೇಲೂ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ ಅಂತ ನಿನಗೇನು ಗೊತ್ತು?

ಕಾಗದ ಓದಿ ಮೊದಲ ದಿನ ಅದನ್ನು ಒಲೆಗೆ ಹಾಕುತ್ತೇನೆ ಅಂದೆ. ಎರಡನೆಯ ದಿನ ನಿನ್ನ ಜೊತೆ ಜನ್ಮದಲ್ಲಿ ಮಾತಾಡುವುದಿಲ್ಲ ಅಂದೆ. ಮೂರನೆಯ ದಿನ ನಿಮ್ಮ ಭಾವನವರು ಕನ್ನಡಕ ಹಾಕಿಕೊಂಡು ಅದನ್ನು ಮೂರು ಸಲ ಓದಿ, 'ನಿನ್ನ ಅಣ್ಣ ಕೆಲಸ ಕಳಕೊಂಡಿದ್ದಾನೆ ಕಣೇ' ಅಂದರು. ಆಗಲೇ ನನಗೆ ಆ ಸಾಲು ಕಂಡದ್ದು. ಸಿಟ್ಟಿನಲ್ಲಿ ಅದನ್ನು ದಾಟಿಕೊಂಡು ಹೋಗಿದ್ದೆ.

ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯಾಗಿ ನಿವೃತ್ತನಾಗುತ್ತಿದ್ದೆ. ಹಾರ ಹಾಕುತ್ತಿದ್ದರು, ಭಾಷಣ ಮಾಡುತ್ತಿದ್ದರು. ನನ್ನ ಕೆಲಸ ವಾಪಸು ಬರುವುದಿಲ್ಲ ಅಂತ ಗೊತ್ತಿದ್ದೂ ಹೋಗಿ ಹೇಳಿದೆ. ಯಾಕೆ ಹೇಳಿದೆ ಅಂತ ನಾನು ಕೇಳುವುದಿಲ್ಲ.

ನಮ್ಮ ಸಂಸಾರದ ಅಂದ ನೋಡು. ನಾನು ನಿನಗೆ ಗೊತ್ತಾಗದ ಹಾಗೆ ಹೊಲಿದೆ. ಅತ್ತಿಗೆ ನಮ್ಮಿಬ್ಬರಿಗೂ ಗೊತ್ತಾಗದ ಹಾಗೆ ಒಗೆದರು. ನೀನು ಯಾರಿಗೂ ಗೊತ್ತಾಗದ ಹಾಗೆ ಹಾಕಿಕೊಂಡೆ. ಒಂದು ಹಕ್ಕಿಗೆ ಮೂರು ಜನ ಕಾವಲು! ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಮೂವರೂ ಕೂತು ನಗಬಹುದಿತ್ತು.

ಕ್ಷಮಿಸಿದೆನೋ ಇಲ್ಲವೋ ನನಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಗೊತ್ತಾದ ದಿನ ಬರೆಯುತ್ತೇನೆ. ತಿಂಗಳ ಕೊನೆಗೆ ಕೆಲಸ ಬಿಟ್ಟ ಮೇಲೆ ಅತ್ತಿಗೆಯನ್ನು ಕರೆದುಕೊಂಡು ಇಲ್ಲಿಗೆ ಬಾ, ಎದುರಿಗೆ ಕೂರಿಸಿಕೊಂಡು ಉಳಿದದ್ದನ್ನು ಬೈಯುತ್ತೇನೆ. ಕಾಗದದಲ್ಲಿ ಬೈದರೆ ನನಗೆ ತೃಪ್ತಿಯಾಗುವುದಿಲ್ಲ.

ಅದಕ್ಕೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಸಾವಿರಾರು ಹಕ್ಕಿ ಹೊಲಿದೆ, ಒಂದೇ ಒಂದನ್ನು ನನ್ನ ತವರಿಗೆ ಅಂತ ಹೊಲಿದೆ, ಅದನ್ನೇ ಎದೆಯ ಮೇಲೆ ನೋಡಲಿಲ್ಲ. ನೋಡಿದವನು ನೀನೊಬ್ಬನೇ. ಆ ಒಡಕು ಕನ್ನಡಿಯ ಮುಂದೆ ಒಂದು ಸಲ ನಿಂತೆಯಲ್ಲ, ಆವಾಗ ಹೇಗೆ ಕಾಣಿಸುತ್ತಿದ್ದೆ? ಒಪ್ಪುತ್ತಿತ್ತೇ? ನನ್ನ ಮನಸ್ಸಿಗೆ ಹಿತವಾಗಲಿ ಅಂತ ಹೇಳಬೇಡ. ಚೆಂಡು ಒಳಗೆ ಬಿದ್ದರೆ ಒಳಗೆ, ಹೊರಗೆ ಬಿದ್ದರೆ ಹೊರಗೆ.

ತಂಗಿ

*

ಮೇ ೨೧

ತಂಗೀ,

ಒಪ್ಪುತ್ತಿತ್ತು. ಅವರೆಲ್ಲರಿಗಿಂತ ನನಗೇ ಚೆನ್ನಾಗಿ ಒಪ್ಪುತ್ತಿತ್ತು.

ಒಂದು ಸಲ ಅಂತ ಬರೆದದ್ದು ಸುಳ್ಳು. ಎರಡು ಚಳಿಗಾ‌ಲ, ದಿನಾ ಬೆಳಿಗ್ಗೆ, ಸದಸ್ಯರು ಬರುವ ಮೊದಲು ತಿರುಗಿಸಿ ಹಾಕಿಕೊಳ್ಳುತ್ತಿದ್ದೆ. ಹಾಗೇ ಹಾಕಿಕೊಂಡು ಆರೂ ಕೋರ್ಟಿಗೆ ನೀರು ಹಾಕಿ ಮುಗಿಸುತ್ತಿದ್ದೆ.

ನಿನ್ನ ಅಣ್ಣ